ಕೋಲಿನ ಪಕ್ಕ ಸೇಬು ಇಡಬೇಕೆಂದ ಅಪ್ಪ: ಮಾರ್ಟಿನ್ ಲೂಥರನ ಮನೆಯೊಳಗೆ

ಕೂಸಿನ ಹೊಲಸು ಬಟ್ಟೆ ಒಗೆಯುವ ಗಂಡಸನ್ನು ಕಂಡರೆ ಊರು ನಗುತ್ತದೆ. ಇದು ಇವತ್ತಿನ ಮಾತಲ್ಲ, ಐನೂರು ವರ್ಷದ ಹಿಂದಿನ ಜರ್ಮನಿಯಲ್ಲೂ ಹೀಗೇ ಇತ್ತು. 1522ರಲ್ಲಿ ಮಾರ್ಟಿನ್ ಲೂಥರ್ ಮದುವೆಯ ಬದುಕಿನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಮಗುವಿನ ಬಟ್ಟೆ ಒಗೆಯುವ, ರಾತ್ರಿ ಎದ್ದು ತೊಟ್ಟಿಲು ತೂಗುವ ಅಪ್ಪನನ್ನು ನೆರೆಹೊರೆಯವರು ಹೆಣ್ಣಿಗ ಅಂತ ಹಂಗಿಸಬಹುದು, ಆದರೆ ಅವನು ಅದನ್ನು ದೇವರಲ್ಲಿ ನಂಬಿಕೆಯಿಟ್ಟು ಮಾಡುತ್ತಿದ್ದರೆ ಮೇಲೆ ದೇವರು ದೇವದೂತರ ಸಮೇತ ಕೂತು ಅವನನ್ನು ನೋಡಿ ಖುಷಿಪಡುತ್ತಾನೆ ಎಂಬುದು ಅದರಲ್ಲಿ ಅವನು ಹೇಳಿದ ಮಾತಿನ ಸಾರ.

ತಮಾಷೆಯೆಂದರೆ, ಇದನ್ನು ಬರೆಯುವಾಗ ಲೂಥರನಿಗೆ ಮಕ್ಕಳಿರಲಿ, ಹೆಂಡತಿಯೂ ಇರಲಿಲ್ಲ. ವಯಸ್ಸು 38. ಮೈಮೇಲೆ ಇನ್ನೂ ಸನ್ಯಾಸಿಯ ನಿಲುವಂಗಿ. ಐದು ವರ್ಷದ ಹಿಂದೆ ಪಾಪಕ್ಷಮೆಯ ಪತ್ರಗಳ ವ್ಯಾಪಾರವನ್ನು ಪ್ರಶ್ನಿಸಿ 95 ವಾದಗಳನ್ನು ಬರೆದಿದ್ದ. ಪೋಪ್ ಅವನನ್ನು ಸಭೆಯಿಂದ ಹೊರಹಾಕಿದ್ದಾಗಿತ್ತು. ಚಕ್ರವರ್ತಿ ಅವನಿಗೆ ಕಾನೂನಿನ ರಕ್ಷಣೆಯೇ ಇಲ್ಲ ಎಂದು ಸಾರಿದ್ದಾಗಿತ್ತು. ಅಂಥ ಹೊತ್ತಿನಲ್ಲಿ ಈ ಮನುಷ್ಯ ಕೂಸಿನ ಬಟ್ಟೆ ಒಗೆಯುವ ಬಗ್ಗೆ ಯೋಚಿಸುತ್ತಿದ್ದ.

ಲೂಥರ್ ಅಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಚರ್ಚಿನ ಬಾಗಿಲು, ಒಂದು ಮೊಳೆ, ಒಂದು ಇಸವಿ. ಅಷ್ಟಕ್ಕೇ ಮುಗಿಯಿತು. ನನಗೆ ಆ ಬಾಗಿಲಿಗಿಂತ ಅವನ ಮನೆಯ ಊಟದ ಮೇಜು ಹೆಚ್ಚು ಕುತೂಹಲದ್ದು. ಆರು ಮಕ್ಕಳ ಅಪ್ಪನಾಗಿ, ಅದರಲ್ಲಿ ಇಬ್ಬರನ್ನು ಮಣ್ಣುಮಾಡಿದವನಾಗಿ ಅವನು ನಂಬಿಕೆಯ ಬಗ್ಗೆ ಕಲಿತದ್ದು, ಗ್ರೀಕ್ ಹೀಬ್ರೂ ಓದಿ ಕಲಿತದ್ದಕ್ಕಿಂತ ಕಡಿಮೆಯೇನಲ್ಲ.

ಶುರುವಾಗಬೇಕಾದದ್ದು ಅವನ ಅಪ್ಪನಿಂದ. ಹಾನ್ಸ್ ಲೂಡರ್ ರೈತ ಮನೆತನದವನು. ಹೊಲ ಬಿಟ್ಟು ತಾಮ್ರದ ಗಣಿಯ ಕಡೆ ಬಂದು, ಅದಿರು ಕರಗಿಸುವ ಕುಲುಮೆಗಳನ್ನು ನಡೆಸಿ ಮೇಲೆ ಬಂದವನು. ಹಿರಿಮಗ ಮಾರ್ಟಿನ್ ಹುಟ್ಟಿದ್ದು 1483ರ ನವೆಂಬರ್ 10ರಂದು ಐಸ್ಲೆಬೆನ್‌ನಲ್ಲಿ. ಮರುವರ್ಷವೇ ಸಂಸಾರ ಮಾನ್ಸ್‌ಫೆಲ್ಡ್ ಎಂಬ ಪಕ್ಕದ ಊರಿಗೆ ಹೋಯಿತು. ಮಗ ವಕೀಲನಾಗಬೇಕು ಎಂಬುದು ಅಪ್ಪನ ಲೆಕ್ಕ. ಗಣಿ ವ್ಯವಹಾರ ಅಂದರೆ ಸಾಲ, ಗುತ್ತಿಗೆ, ತಕರಾರು. ಮನೆಯಲ್ಲೇ ಒಬ್ಬ ವಕೀಲ ಇದ್ದರೆ ಎಷ್ಟು ಅನುಕೂಲ ಅಲ್ವಾ? ಈ ಲೆಕ್ಕ ನಮ್ಮೂರ ಅಪ್ಪಂದಿರಿಗೆ ವಿವರಿಸಬೇಕಾಗಿಲ್ಲ.

ಆ ಮನೆಯಲ್ಲಿ ಹೊಡೆತ ಇತ್ತು. ಒಂದೇ ಒಂದು ಕಾಯಿ, ನಮ್ಮಲ್ಲಿ ಅಕ್ರೋಟು ಅನ್ನುತ್ತೇವಲ್ಲ ಆ ಜಾತಿಯದ್ದು, ಅದನ್ನು ಎತ್ತಿಕೊಂಡದ್ದಕ್ಕೆ ತಾಯಿ ರಕ್ತ ಬರುವಂತೆ ಹೊಡೆದಿದ್ದಳು ಎಂದು ಲೂಥರ್ ಮುಂದೆ ನೆನಪಿಸಿಕೊಂಡ. ಅಪ್ಪ ಒಮ್ಮೆ ಎಷ್ಟು ಬಾರಿಸಿದ್ದನೆಂದರೆ ಹುಡುಗ ಅವನಿಂದ ತಪ್ಪಿಸಿಕೊಂಡು ಓಡಿದ. ಮತ್ತೆ ಅವನನ್ನು ಹತ್ತಿರಕ್ಕೆ ತಂದುಕೊಳ್ಳಲು ಅಪ್ಪನೇ ಪಾಡುಪಡಬೇಕಾಯಿತು. ಶಾಲೆಯಲ್ಲಿ ಇನ್ನೂ ಕಲಿಸಿರದ ಲ್ಯಾಟಿನ್ ವ್ಯಾಕರಣ ಒಪ್ಪಿಸಲಿಲ್ಲ ಅಂತ ಒಂದೇ ಬೆಳಿಗ್ಗೆ ಹದಿನೈದು ಏಟು. ಇದನ್ನೇ ಹಿಡಿದುಕೊಂಡು 1958ರಲ್ಲಿ ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿ ಒಂದು ಪುಸ್ತಕವನ್ನೇ ಬರೆದ: ಈ ಸಿಟ್ಟಿನ ಅಪ್ಪನೇ ಲೂಥರನ ಮನಸ್ಸಿನಲ್ಲಿ ಸಿಟ್ಟಿನ ದೇವರಾದ ಎಂಬ ಧಾಟಿಯಲ್ಲಿ. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪಿಲ್ಲ. ನನಗೂ ಅದು ಸ್ವಲ್ಪ ಸಲೀಸಾದ ಉತ್ತರ ಅನ್ನಿಸುತ್ತದೆ. ಆ ಕಾಲದಲ್ಲಿ ಪೆಟ್ಟು ತಿನ್ನದ ಮಗುವೇ ಅಪರೂಪ. ಅವರೆಲ್ಲ ಲೂಥರ್ ಆಗಲಿಲ್ಲ. 2003ರಲ್ಲಿ ಮಾನ್ಸ್‌ಫೆಲ್ಡ್‌ನ ಆ ಮನೆಯ ಹಳೆಯ ತಿಪ್ಪೆಗುಂಡಿ ಅಗೆದಾಗ ಮಣ್ಣಿನ ಗೋಲಿಗಳೂ ಸಿಕ್ಕವು, ಒಳ್ಳೆಯ ಊಟ ಉಂಡ ಗುರುತಿನ ಮೂಳೆಗಳೂ ಸಿಕ್ಕವು. ಹೊಡೆತವೂ ಇತ್ತು, ಗೋಲಿಯೂ ಇತ್ತು.

ಮಗ ಎರ್ಫರ್ಟ್‌ನಲ್ಲಿ ಓದಿ ಸ್ನಾತಕೋತ್ತರ ಪದವಿ ಪಡೆದು ಕಾನೂನಿಗೆ ಸೇರಿದ. 1505ರ ಜುಲೈ 2ರಂದು ಊರಿಂದ ವಾಪಸು ಹೋಗುವ ದಾರಿಯಲ್ಲಿ ಗುಡುಗು ಸಿಡಿಲಿಗೆ ಸಿಕ್ಕಿ, ಬದುಕಿ ಉಳಿದರೆ ಸನ್ಯಾಸಿಯಾಗುತ್ತೇನೆ ಎಂದು ಸಂತ ಅನ್ನಳಿಗೆ ಹರಕೆ ಹೊತ್ತ. ಎರಡು ವಾರದಲ್ಲಿ ಮಠ ಸೇರಿದ. ಅಪ್ಪ ಕೆಂಡಾಮಂಡಲ. ಎರಡು ವರ್ಷದ ನಂತರ ಮಗ ಮೊದಲ ಬಲಿಪೂಜೆ ಮಾಡುವ ದಿನ ಇಪ್ಪತ್ತು ಜನ ಕುದುರೆ ಸವಾರರೊಡನೆ ದೊಡ್ಡಸ್ತಿಕೆಯಿಂದ ಬಂದವನು, ಮಠಕ್ಕೆ ಇಪ್ಪತ್ತು ಗುಲ್ಡನ್ ಕಾಣಿಕೆಯನ್ನೂ ಕೊಟ್ಟು, ಊಟಕ್ಕೆ ಕೂತಾಗ ಎಲ್ಲರೆದುರೇ ಕೇಳಿಬಿಟ್ಟ: ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆ ನೀವು ಓದಿದವರಿಗೆ ಗೊತ್ತಿಲ್ಲವೋ? ಆ ಸಿಡಿಲು ದೇವರದ್ದೋ ಸೈತಾನನದ್ದೋ ಯಾರಿಗೆ ಗೊತ್ತು ಅಂತಲೂ ಸೇರಿಸಿದ. ಈ ಮಾತು ಲೂಥರನನ್ನು ಹದಿನಾಲ್ಕು ವರ್ಷ ಕೊರೆಯಿತು. 1521ರಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿ ಕೂತಿದ್ದಾಗ ಸನ್ಯಾಸದ ವ್ರತಗಳ ವಿರುದ್ಧ ಬರೆದ ಪುಸ್ತಕವನ್ನು ಅಪ್ಪನಿಗೇ ಅರ್ಪಿಸಿ, ಅಂದು ನೀನು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡ. ಆದರೆ ಒಂದು ಕೊಂಕೂ ಇಟ್ಟ: ನೀನು ಬಿಡಿಸಲಾಗದೆ ಹೋದ ಮಗನನ್ನು ಕೊನೆಗೆ ದೇವರೇ ಬಿಡಿಸಿದ ಎಂದು.

ಮದುವೆಯ ಕಥೆ ಸಿನಿಮಾದಂತಿದೆ. 1523ರ ಈಸ್ಟರ್ ಹೊತ್ತಿಗೆ ನಿಂಬ್ಶೆನ್ ಎಂಬಲ್ಲಿನ ಕನ್ಯಾಮಠದಿಂದ ಹನ್ನೆರಡು ಸನ್ಯಾಸಿನಿಯರು, ಮಠಕ್ಕೆ ಉಪ್ಪುಮೀನು ಮುಂತಾದ ಸಾಮಾನು ತರುತ್ತಿದ್ದ ವರ್ತಕನೊಬ್ಬನ ಗಾಡಿಯಲ್ಲಿ ಪಾರಾದರು. ಅವರಲ್ಲಿ ಒಂಬತ್ತು ಮಂದಿ ವಿಟೆನ್‌ಬರ್ಗಿಗೆ ಬಂದರು. ಲೂಥರ್ ಒಬ್ಬೊಬ್ಬರಿಗೂ ನೆಲೆ ಹುಡುಕಿದ. ಕೊನೆಗೆ ಉಳಿದವಳು ಕಥರೀನಾ ಫಾನ್ ಬೋರಾ. ಅವಳಿಗೆ ತೋರಿಸಿದ ಗಂಡು ಅವಳಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಲೂಥರನೇ ಆದೀತು ಎಂದು ತಾನೇ ಹೇಳಿಕಳಿಸಿದಳು. 1525ರ ಜೂನ್ 13ರಂದು ಮದುವೆ. ಅವನಿಗೆ 41, ಅವಳಿಗೆ 26. ಎರಡು ವಾರದ ನಂತರದ ಹಬ್ಬದೂಟಕ್ಕೆ ಗಂಡಿನ ಅಪ್ಪ ಅಮ್ಮ ಬಂದಿದ್ದರು. ಮೊಮ್ಮಕ್ಕಳನ್ನು ನೋಡುವ ಹಾನ್ಸ್ ಲೂಡರನ ಆಸೆ ಅಂತೂ ಕೈಗೂಡುವ ಸೂಚನೆ ಕಂಡಿತು.

ಕಾಲ ಮಾತ್ರ ಒಳ್ಳೆಯದಿರಲಿಲ್ಲ. ಒಂದೇ ತಿಂಗಳ ಹಿಂದೆ ಫ್ರಾಂಕೆನ್‌ಹೌಸೆನ್‌ನಲ್ಲಿ ದಂಗೆಯೆದ್ದ ರೈತರನ್ನು ಅರಸರ ಸೈನ್ಯ ಕೊಚ್ಚಿಹಾಕಿತ್ತು. ಆ ರೈತರನ್ನು ಹುಚ್ಚುನಾಯಿಯಂತೆ ಬಡಿಯಬೇಕೆಂದು ಬರೆದವನೂ ಇದೇ ಲೂಥರ್, ರೈತನ ಮೊಮ್ಮಗ. ಗೆಳೆಯ ಮೆಲಾಂಕ್ತನ್‌ಗೂ ಈ ಹೊತ್ತಿನಲ್ಲಿ ಮದುವೆ ಏಕೆ ಬೇಕಿತ್ತು ಎಂಬ ಬೇಸರ.

ಸಂಸಾರ ನೆಲೆಗೊಂಡದ್ದು ಹಿಂದೆ ಅವನು ಸನ್ಯಾಸಿಯಾಗಿದ್ದ ಮಠದ ಕಟ್ಟಡದಲ್ಲೇ. ಸನ್ಯಾಸಿಗಳೆಲ್ಲ ಬಿಟ್ಟುಹೋಗಿ ಖಾಲಿಬಿದ್ದಿತ್ತು. ಅದನ್ನು ಮನೆ ಮಾಡಿದವಳು ಕಥರೀನಾ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತೋಟ, ದನ, ಹಂದಿ, ಮೀನಿನ ಕೊಳ, ಬಿಯರ್ ಕಾಯಿಸುವುದು, ಬಾಡಿಗೆಗಿದ್ದ ವಿದ್ಯಾರ್ಥಿಗಳ ಊಟ ಎಲ್ಲ ಅವಳದೇ. ಲೂಥರನಿಗೆ ದುಡ್ಡಿನ ಲೆಕ್ಕ ಗೊತ್ತಿರಲಿಲ್ಲ; ಬರೆದ ಪುಸ್ತಕಗಳಿಗೆ ಸಂಭಾವನೆ ತಗೊಳ್ಳುತ್ತಿರಲಿಲ್ಲ; ಕೇಳಿದವರಿಗೆ ಮನೆಯ ಬೆಳ್ಳಿ ಲೋಟ ಎತ್ತಿಕೊಡುವ ಜಾತಿ. ಹೆಂಡತಿಯನ್ನು ಅವನು ಯಜಮಾನ ಕೇಥೆ ಅಂತ ಕರೆಯುತ್ತಿದ್ದುದು ಬರೀ ತಮಾಷೆಯಲ್ಲ, ಸತ್ಯಾಂಶವೂ ಇತ್ತು. ಆರು ಮಕ್ಕಳಲ್ಲದೆ, ಅವನ ತೀರಿಹೋದ ಒಡಹುಟ್ಟಿದವರ ಮಕ್ಕಳೂ ಅದೇ ಮನೆಯಲ್ಲಿ ಬೆಳೆದರು. ಕಥರೀನಾಳ ಸೋದರತ್ತೆ, ಅವಳೂ ಒಂದು ಕಾಲದ ಸನ್ಯಾಸಿನಿ, ಮಕ್ಕಳಿಗೆ ಲೇನಾ ಅತ್ತೆಯಾದಳು.

ಮೊದಲ ಮಗ ಹುಟ್ಟಿದ್ದು 1526ರ ಜೂನ್ 7ರಂದು. ಅಜ್ಜನ ಹೆಸರೇ: ಹಾನ್ಸ್. ಮರುವರ್ಷ ಊರಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯ ಬೇರೆಡೆಗೆ ಹೋಯಿತು. ರೋಗಿಗಳನ್ನು ಬಿಟ್ಟು ಸಭಾಪಾಲಕ ಓಡಬಾರದು ಎಂದು ಲೂಥರ್ ಅಲ್ಲೇ ಉಳಿದ, ಮನೆ ಆಸ್ಪತ್ರೆಯಾಯಿತು. ಕಥರೀನಾ ಬಸುರಿ, ಹಾನ್ಸ್‌ಗೆ ಹುಷಾರಿಲ್ಲ, ಅವನು ತಾನೇ ಖಿನ್ನತೆಯಲ್ಲಿ ಮುಳುಗಿದ್ದ. ಡಿಸೆಂಬರಿನಲ್ಲಿ ಎಲಿಜಬೆತ್ ಹುಟ್ಟಿದಳು. ಎಂಟು ತಿಂಗಳು ತುಂಬುವ ಮೊದಲೇ, 1528ರ ಆಗಸ್ಟ್ 3ರಂದು ತೀರಿಕೊಂಡಳು. ಎರಡು ದಿನದ ನಂತರ ಗೆಳೆಯನಿಗೆ ಬರೆದ ಪತ್ರದಲ್ಲಿ ತನ್ನ ಎದೆ ಹೆಂಗಸಿನದರಂತೆ ಕರಗಿಹೋಗಿದೆ, ಅಪ್ಪನ ಕರುಳು ಮಗುವಿಗಾಗಿ ಹೀಗೆ ಮೆತ್ತಗಾಗುತ್ತದೆ ಅಂತ ಹಿಂದೆಂದೂ ನಂಬುತ್ತಿರಲಿಲ್ಲ ಎಂದು ಹೇಳಿಕೊಂಡ. ಬಟ್ಟೆ ಒಗೆಯುವ ಬಗ್ಗೆ ಪುಸ್ತಕ ಬರೆದಿದ್ದವನಿಗೆ ಈ ಪಾಠ ಪುಸ್ತಕದಲ್ಲಿ ಸಿಕ್ಕಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ತಪಾಸಣೆ ಮಾಡಲು ಹೊರಟ ಲೂಥರ್ ಕಂಗಾಲಾದ. ಜನರಿಗೆ ಕರ್ತನ ಪ್ರಾರ್ಥನೆ ಬರುವುದಿಲ್ಲ, ಹತ್ತು ಆಜ್ಞೆಗಳು ಗೊತ್ತಿಲ್ಲ. ಎಷ್ಟೋ ಪಾದ್ರಿಗಳಿಗೇ ಗೊತ್ತಿಲ್ಲ. ಹನ್ನೊಂದು ವರ್ಷ ಯುರೋಪನ್ನೇ ಅಲ್ಲಾಡಿಸಿದ ವಾದಗಳು ಹಳ್ಳಿಯ ಒಲೆಯವರೆಗೆ ತಲುಪಿಯೇ ಇರಲಿಲ್ಲ. ಆಗ, 1529ರಲ್ಲಿ, ಅವನು ಬರೆದದ್ದು ಚಿಕ್ಕ ಕಟೆಕಿಸಮ್. ಮೊದಲು ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ ಬಂತು, ಆಮೇಲೆ ಪುಸ್ತಕ. ಪ್ರತಿ ಭಾಗದ ತಲೆಬರಹದಲ್ಲೂ ಇದನ್ನು ಮನೆಯ ಯಜಮಾನ ತನ್ನ ಮನೆಯವರಿಗೆ ಸರಳವಾಗಿ ಕಲಿಸಬೇಕಾದ ಬಗೆ ಎಂದು ಹಾಕಿದ. ಪಾದ್ರಿ ಅಲ್ಲ, ಅಪ್ಪ. ಇದು ಸಣ್ಣ ಬದಲಾವಣೆಯಲ್ಲ. ಧರ್ಮದ ಪಾಠ ಗುಡಿಯ ಪೀಠದಿಂದ ಅಡುಗೆಮನೆಯ ಬೆಂಚಿಗೆ ಇಳಿಯಿತು.

ಅದರ ಒಳಗಿನ ಕ್ರಮ ನೋಡಿ. ಒಂದು ಆಜ್ಞೆ, ಅಥವಾ ಪ್ರಾರ್ಥನೆಯ ಒಂದು ಸಾಲು. ಅದರ ಬೆನ್ನಿಗೇ ಒಂದು ಪ್ರಶ್ನೆ, ಇದೇನು ಅಂತ. ಮತ್ತೆ ಇನ್ನೊಂದು ಸಾಲು, ಮತ್ತೆ ಅದೇ ಪ್ರಶ್ನೆ. ಮೂರು ವರ್ಷದ ಮಗು ಮನೆಯಲ್ಲಿದ್ದವರಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. ಹಾನ್ಸ್‌ಗೆ ಆಗ ಸರಿಯಾಗಿ ಆ ವಯಸ್ಸು. ಉತ್ತರಗಳೂ ಹಾಗೇ. ದೇವರು ಸೃಷ್ಟಿಸಿದ ಅಂದರೆ ಏನು? ಕಣ್ಣು, ಕಿವಿ, ಬಟ್ಟೆ, ಕೆರ, ಅನ್ನ ನೀರು, ಮನೆ, ದನಕರು: ಮಗು ಬೆರಳಿಟ್ಟು ತೋರಿಸಬಹುದಾದ ವಸ್ತುಗಳ ಪಟ್ಟಿ. ಇನ್ನೊಂದು ಪುಸ್ತಕದಲ್ಲಿ ಅವನು ಮಕ್ಕಳಿಗೆ ಒಂದು ಆಟವನ್ನೇ ಸೂಚಿಸಿದ್ದ. ಮನಸ್ಸಿನಲ್ಲಿ ಎರಡು ಚೀಲ ಇಟ್ಟುಕೊಳ್ಳಿ, ಒಂದು ನಂಬಿಕೆಯದು, ಇನ್ನೊಂದು ಪ್ರೀತಿಯದು; ಚರ್ಚಿನಲ್ಲಿ ಕೇಳಿದ ವಾಕ್ಯಗಳನ್ನು ನಾಣ್ಯದ ಹಾಗೆ ತಂದು ಊಟದ ಹೊತ್ತಿಗೆ ಆಯಾ ಚೀಲಕ್ಕೆ ಹಾಕಿ ಅಂತ. ಇದು ಹುಡುಗಾಟ ಅನ್ನುವ ಪಂಡಿತರಿಗೆ ಅವನ ಉತ್ತರ: ಮನುಷ್ಯರನ್ನು ಸೆಳೆಯಲು ಕ್ರಿಸ್ತನೇ ಮನುಷ್ಯನಾಗಬೇಕಾಯಿತು, ಮಕ್ಕಳನ್ನು ಸೆಳೆಯಬೇಕಾದರೆ ನಾವೂ ಮಕ್ಕಳಾಗಬೇಕು.

ಇದೇ ಕಟೆಕಿಸಮ್ ಮುಂದಿನ ತಲೆಮಾರುಗಳಲ್ಲಿ ಬಾಯಿಪಾಠದ ಹಿಂಸೆಯಾಯಿತು, ಕೋಲು ಹಿಡಿದ ಮೇಷ್ಟ್ರ ಕೈಗೆ ಸಿಕ್ಕಿತು ಎಂಬುದೂ ನಿಜ. ಉರುಹೊಡೆಯುವುದನ್ನು ಲೂಥರನೇ ಮೊದಲ ಹೆಜ್ಜೆ ಎಂದಿದ್ದ. ಎರಡನೇ ಹೆಜ್ಜೆಗೆ ಹೋದವರು ಎಷ್ಟು ಮಂದಿಯೋ.

1530ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅವನು ಮನೆಯಿಂದ ದೂರ, ಕೋಬುರ್ಗ್ ಕೋಟೆಯಲ್ಲಿದ್ದ. ಆಗ್ಸ್‌ಬರ್ಗ್‌ನಲ್ಲಿ ಚಕ್ರವರ್ತಿಯ ಸಭೆ. ಬಹಿಷ್ಕೃತನಾದ ಇವನು ಅಲ್ಲಿಗೆ ಹೋಗುವಂತಿಲ್ಲ. ಈ ಆರು ತಿಂಗಳ ಪತ್ರಗಳಲ್ಲಿ ಅಪ್ಪ ಲೂಥರ್ ತುಂಬ ಸ್ಪಷ್ಟವಾಗಿ ಕಾಣುತ್ತಾನೆ. ಒಂದು ವರ್ಷದ ಮಗಳು ಮಗ್ದಲೇನಾಳ ಚಿತ್ರವನ್ನು ಕಥರೀನಾ ಕಳಿಸಿಕೊಟ್ಟಳು; ಮೊದಲು ಅವನಿಗೆ ಗುರುತೇ ಸಿಗಲಿಲ್ಲ, ತೀರಾ ಕಪ್ಪಾಗಿ ಕಂಡಿತಂತೆ. ಆಮೇಲೆ ಊಟದ ಮೇಜಿನ ಎದುರು ಗೋಡೆಗೆ ತೂಗುಹಾಕಿಕೊಂಡ. ಆಗ ಮಗುವಿಗೆ ಮೊಲೆಹಾಲು ಬಿಡಿಸುವ ಕಷ್ಟ ನಡೆಯುತ್ತಿತ್ತು. ಕೋಟೆಗೆ ಬಂದಿದ್ದ ಅರ್ಗುಲಾ ಫಾನ್ ಗ್ರುಂಬಾಖ್ ಎಂಬ ಲೇಖಕಿ, ಸುಧಾರಣೆಯ ಪರ ಧೈರ್ಯವಾಗಿ ಬರೆದ ಹೆಂಗಸು, ಹಾಲು ಬಿಡಿಸುವುದು ಹೇಗೆ ಎಂದು ಹೇಳಿದ್ದನ್ನು ಹೆಂಡತಿಗೆ ಬರೆದು ತಿಳಿಸಿದ. ಯುರೋಪಿನ ಧರ್ಮದ ಹಣೆಬರಹ ನಿರ್ಧಾರವಾಗುತ್ತಿದ್ದ ತಿಂಗಳಲ್ಲಿ ಅದರ ಮುಖ್ಯ ಆರೋಪಿ ಕೂಸಿಗೆ ಹಾಲು ಬಿಡಿಸುವ ಉಪಾಯ ಕೇಳಿ ಬರೆದುಕೊಳ್ಳುತ್ತಿದ್ದಾನೆ!

ಜೂನ್ ಮೊದಲ ವಾರ ಅಪ್ಪ ತೀರಿಕೊಂಡ ಸುದ್ದಿ ಬಂತು. ಕೀರ್ತನೆಗಳ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದವನು ಅತ್ತು ಅತ್ತು ಮರುದಿನ ತಲೆ ಎತ್ತಲಾರದಂತಾದ. ಬಾರಿಸಿದ್ದ ಅಪ್ಪ, ಒಳ್ಳೆಯ ಶಾಲೆಗೆ ಹಾಕಿದ್ದ ಅಪ್ಪ, ಬೆವರು ಸುರಿಸಿ ದುಡಿದು ತನ್ನನ್ನು ಮನುಷ್ಯನನ್ನಾಗಿ ಮಾಡಿದ ಅಪ್ಪ: ಮೆಲಾಂಕ್ತನ್‌ಗೆ ಬರೆದ ಪತ್ರದಲ್ಲಿ ಕೊನೆಯ ಇಬ್ಬರ ನೆನಪೇ ಇದೆ, ಮೊದಲನೆಯವನ ದೂರು ಇಲ್ಲ.

ಅದಾಗಿ ಎರಡು ವಾರಕ್ಕೆ, ಜೂನ್ 19ರಂದು, ನಾಲ್ಕು ವರ್ಷದ ಹಾನ್ಸ್‌ಗೆ ಒಂದು ಕಾಗದ ಬರೆದ. ಅದರಲ್ಲಿ ಒಂದು ತೋಟ. ಚಿನ್ನದ ಅಂಗಿ ತೊಟ್ಟ ಮಕ್ಕಳು ಮರದ ಕೆಳಗೆ ಸೇಬು, ಪೇರು, ಚೆರ್ರಿ, ಪ್ಲಮ್ ಆರಿಸುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಬಂಗಾರದ ಕಡಿವಾಣ, ಬೆಳ್ಳಿಯ ಜೀನು ಹಾಕಿದ ಪುಟ್ಟ ಕುದುರೆಗಳಿವೆ. ನನಗೂ ಹಾನ್ಸ್ ಎಂಬ ಮಗನಿದ್ದಾನೆ, ಅವನೂ ಬರಬಹುದೇ ಅಂತ ಅಪ್ಪ ತೋಟದವನನ್ನು ಕೇಳುತ್ತಾನೆ. ಪ್ರಾರ್ಥನೆ ಮಾಡಿ ಪಾಠ ಕಲಿತು ಒಳ್ಳೆಯವನಾಗಿದ್ದರೆ ಬರಬಹುದು, ಅವನ ಗೆಳೆಯರಾದ ಲಿಪ್ಪುಸ್, ಯೋಸ್ಟ್ ಕೂಡ ಬರಬಹುದು ಎಂಬ ಉತ್ತರ ಸಿಗುತ್ತದೆ. ಪೀಪಿ, ಡೋಲು, ಬಿಲ್ಲು ಎಲ್ಲ ಕೊಡುತ್ತಾರಂತೆ. ಲೇನಾ ಅತ್ತೆಯನ್ನೂ ಕರೆತರಬಹುದಂತೆ.

ಇದರಲ್ಲಿ ನರಕ ಇಲ್ಲ. ಬೆಂಕಿ ಇಲ್ಲ, ಸೈತಾನನಿಲ್ಲ. ದಿನಕ್ಕೆ ಹತ್ತು ಸಲ ಸೈತಾನನ ಹೆಸರೆತ್ತುತ್ತಿದ್ದ ಮನುಷ್ಯ ಮಗನಿಗೆ ಬರೆಯುವಾಗ ಅವನನ್ನು ಬಾಗಿಲಾಚೆ ನಿಲ್ಲಿಸಿದ. ಆದರೂ ಒಂದು ಮಾತು ನನಗೆ ಚುಚ್ಚುತ್ತದೆ. ದೇವರ ಕೃಪೆ ಸಂಪಾದನೆಯಲ್ಲ, ಒಳ್ಳೆಯತನದಿಂದ ಕೊಂಡುಕೊಳ್ಳುವುದಲ್ಲ, ಸುಮ್ಮನೆ ಸಿಗುವ ದಾನ ಎಂದು ಜೀವಮಾನವಿಡೀ ವಾದಿಸಿದವನು ಇವನು. ತನ್ನ ಮಗನಿಗೆ ಮಾತ್ರ ಪಾಠ ಕಲಿತರೆ ಕುದುರೆ ಸಿಗುತ್ತದೆ ಅಂತ ಬರೆದ. ಅಪ್ಪಂದಿರೆಲ್ಲ ಇಲ್ಲಿ ಸೋಲುತ್ತಾರೆ ಅನ್ನಿಸುತ್ತದೆ.

ಇದೇ ಕೋಟೆಯಲ್ಲಿ ಕೂತು, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ತಂದೆತಾಯಿಗಳಿಗೆ ಹೇಳುವ ಒಂದು ಪ್ರಸಂಗವನ್ನೂ ಬರೆದ. ಆರು ವರ್ಷ ಮೊದಲೇ ನಗರಸಭೆಗಳಿಗೆ ಶಾಲೆ ತೆರೆಯಿರಿ, ಹುಡುಗಿಯರಿಗೂ ತೆರೆಯಿರಿ, ಕೋವಿ ರಸ್ತೆ ಸೇತುವೆಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೂ ಕೊಡಿ ಎಂದು ಬಹಿರಂಗ ಪತ್ರ ಬರೆದಿದ್ದ. ಪ್ರತಿ ಮಗುವೂ ಸತ್ಯವೇದವನ್ನು ತಾನೇ ಓದಬೇಕು ಎಂಬ ಈ ಹಟ ಮೂರು ಶತಮಾನ ದಾಟಿ ನಮ್ಮ ಕರಾವಳಿಗೂ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಇದೇ ಪ್ರಾಟೆಸ್ಟಂಟ್ ಪರಂಪರೆಯವರು. ಅವರು ಶಾಲೆ, ಮುದ್ರಣಾಲಯ ಎರಡನ್ನೂ ಮೊದಲ ಕೆಲಸವಾಗಿ ಹಿಡಿದದ್ದು ಆಕಸ್ಮಿಕವಲ್ಲ.

ಮನೆಯ ಊಟದ ಮೇಜಿನ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಅಲ್ಲಿ ಕೂತು ಗುರುವಿನ ಮಾತನ್ನೆಲ್ಲ ಗೀಚಿಕೊಳ್ಳುತ್ತಿದ್ದರು. ಹಾಗಾಗಿ ಬೇರೆ ಯಾವ ಹದಿನಾರನೇ ಶತಮಾನದ ಅಪ್ಪನ ಬಗ್ಗೆಯೂ ಗೊತ್ತಿಲ್ಲದಷ್ಟು ಇವನ ಬಗ್ಗೆ ಗೊತ್ತಿದೆ. ಕೂಸೊಂದು ಮೂಲೆಮೂಲೆಯಲ್ಲೂ ಹೊಲಸು ಮಾಡಿ ರಂಪ ಹಿಡಿದಾಗ, ಇಷ್ಟೆಲ್ಲ ಪ್ರೀತಿಗೆ ಇದು ಮಾಡಿದ್ದೇನು ಅಂತ ನಗಾಡಿ, ದೇವರು ನಮ್ಮನ್ನು ಸಹಿಸುವುದೂ ಹೀಗೇ ತಾನೇ ಎಂದುಕೊಂಡದ್ದುಂಟು. ಮನೆಯ ನಾಯಿ ಮಾಂಸದ ತುಂಡನ್ನು ಕಣ್ಣು ಮಿಟುಕಿಸದೆ ನೋಡುವುದನ್ನು ಕಂಡು ಹೀಗೆ ಪ್ರಾರ್ಥನೆ ಮಾಡಲು ಬರಬೇಕಿತ್ತು ಎಂದು ಆಸೆಪಟ್ಟ. ಮಕ್ಕಳು ಜಗಳವಾಡಿ ಮರುಕ್ಷಣ ಒಂದಾಗುವುದನ್ನು ದೊಡ್ಡವರಿಗೆ ತೋರಿಸಿದ. ಸಂಜೆ ಲ್ಯೂಟ್ ನುಡಿಸಿ ಹಾಡಿಸುತ್ತಿದ್ದ. ಕ್ರಿಸ್ಮಸ್‌ಗೆ ಮಕ್ಕಳಿಗೆಂದೇ ಕಟ್ಟಿದ, 1535ರಲ್ಲಿ ಅಚ್ಚಾದ ಹಾಡನ್ನು ಜರ್ಮನಿಯಲ್ಲಿ ಈಗಲೂ ಹಾಡುತ್ತಾರೆ.

ಶಿಕ್ಷೆಯ ಬಗ್ಗೆ ಅವನ ಅಭಿಪ್ರಾಯ ಸ್ವಂತ ಬೆನ್ನಿನಿಂದ ಬಂದದ್ದು. ಕೋಲು ಇರಲಿ, ಆದರೆ ಅದರ ಪಕ್ಕದಲ್ಲೇ ಸೇಬೂ ಇರಬೇಕು ಎಂಬುದು. ಚೆರ್ರಿ ಕದ್ದ ಹುಡುಗನನ್ನೂ ಹಣ ಕದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಗು ಅಪ್ಪನಿಗೆ ಹೆದರಿ ಮುದುಡಿದರೆ ಅದು ಯಾತಕ್ಕೂ ಬಾರದ್ದಾಗುತ್ತದೆ. ಇಷ್ಟೆಲ್ಲ ಹೇಳಿದವನು ಒಮ್ಮೆ ಹಾನ್ಸ್ ಏನೋ ತಪ್ಪು ಮಾಡಿದಾಗ ಮೂರು ದಿನ ಅವನ ಮುಖ ನೋಡಲಿಲ್ಲ. ತಾಯಿ ಬೇಡಿಕೊಂಡಳು, ಮೆಲಾಂಕ್ತನ್, ಯೋನಾಸ್ ಬಂದು ಹೇಳಿದರು, ಕೇಳಲಿಲ್ಲ. ಹುಡುಗ ಬರೆದು ಕ್ಷಮೆ ಕೇಳುವವರೆಗೆ. ಕೆಟ್ಟ ಮಗನಿರುವುದಕ್ಕಿಂತ ಸತ್ತ ಮಗನಿರುವುದು ಮೇಲು ಎಂದೂ ಅಂದನಂತೆ. ಅಪ್ಪ ಮಾಡಿದ್ದನ್ನು ಮಾಡಬಾರದು ಎಂದು ಪಣ ತೊಟ್ಟವರ ಬಾಯಲ್ಲೂ ಸಿಟ್ಟು ಬಂದ ದಿನ ಅಪ್ಪನ ದನಿಯೇ ಹೊರಡುತ್ತದಲ್ಲ, ಅದಕ್ಕೇನು ಮಾಡುವುದು.

1542ರ ಸೆಪ್ಟೆಂಬರ್. ಹದಿಮೂರರ ಮಗ್ದಲೇನಾ ಹಾಸಿಗೆ ಹಿಡಿದಳು. ಹಾನ್ಸ್ ಆಗ ಟೋರ್ಗಾವ್ ಎಂಬ ಊರಿನ ಶಾಲೆಯಲ್ಲಿದ್ದ. ತಂಗಿ ಅವನನ್ನು ನೋಡಬೇಕು ಅಂದಳು. ಕಾರಣ ಹೇಳದೆ ಹುಡುಗನನ್ನು ಕಳಿಸಿಕೊಡಿ ಎಂದು ಮೇಷ್ಟ್ರಿಗೆ ಬರೆದು ಗಾಡಿ ಕಳಿಸಿದ. ಇಲ್ಲಿ ಈ ಅಪ್ಪನ ಬಳಿಯೇ ಇರುತ್ತೀಯೋ, ಅಲ್ಲಿರುವ ಅಪ್ಪನ ಬಳಿ ಹೋಗುತ್ತೀಯೋ ಎಂದು ಮಗಳನ್ನು ಕೇಳಿದ. ದೇವರ ಇಷ್ಟದಂತೆ ಆಗಲಿ ಎಂದಳು ಹುಡುಗಿ. ಅವನು ಮುಖ ತಿರುಗಿಸಿಕೊಂಡ. ಸೆಪ್ಟೆಂಬರ್ 20ರಂದು ಅವನ ತೋಳಿನಲ್ಲೇ ಜೀವ ಹೋಯಿತು. ಅವನು ಹಾಸಿಗೆಯ ಪಕ್ಕ ಮಂಡಿಯೂರಿ ಅಳುತ್ತಿದ್ದ. ಕಥರೀನಾ ಅದೇ ಕೋಣೆಯಲ್ಲಿ, ಆದರೆ ದೂರದಲ್ಲಿ, ನೋಡಲಾರದೆ ನಿಂತಿದ್ದಳು.

ಮೂರು ದಿನದ ನಂತರ ಯೋನಾಸ್‌ಗೆ ಬರೆದ ಪತ್ರ ಅವನ ಎಲ್ಲ ದೊಡ್ಡ ಗ್ರಂಥಗಳಿಗಿಂತ ಪ್ರಾಮಾಣಿಕವಾದದ್ದು ಎಂದು ನನ್ನ ಭಾವನೆ. ಮಗಳು ಪುಣ್ಯವಂತಳಾಗಿ ಹೋದಳು, ನಾನೂ ನನ್ನ ಹೆಂಡತಿಯೂ ದೇವರಿಗೆ ಸ್ತೋತ್ರ ಹೇಳಬೇಕು, ಆದರೆ ನಮ್ಮ ಕೈಲಾಗುತ್ತಿಲ್ಲ ಎಂಬುದು ಅದರ ತಿರುಳು. ಅವಳ ಮುಖ, ಮಾತು, ನಡೆ ಎದೆಯೊಳಗೆ ಕೂತಿದೆ, ಕ್ರಿಸ್ತನ ಸಾವಿನಿಂದಲೂ ಆ ನೋವನ್ನು ಪೂರ್ತಿ ಕಿತ್ತುಹಾಕಲು ಆಗುತ್ತಿಲ್ಲ ಎಂಬಷ್ಟರ ಮಟ್ಟಿಗೆ ಹೇಳಿಕೊಂಡ. ನಂಬಿಕೆಯೊಂದೇ ಸಾಕು ಎಂದು ಲೋಕಕ್ಕೆ ಸಾರಿದವನು, ಅದು ಸಾಲುತ್ತಿಲ್ಲ ಎಂದು ಗೆಳೆಯನ ಮುಂದೆ ಒಪ್ಪಿಕೊಂಡ. ಹಾಗಂತ ನಂಬಿಕೆ ಬಿಡಲೂ ಇಲ್ಲ.

ತಂಗಿಯನ್ನು ಮಣ್ಣುಮಾಡಿ ಶಾಲೆಗೆ ಮರಳಿದ ಹಾನ್ಸ್‌ಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿನಾರು ವರ್ಷ. ಕಷ್ಟವಾದರೆ ಬಂದುಬಿಡು ಅಂತ ಅಮ್ಮ ಹೊರಡುವಾಗ ಹೇಳಿದ್ದಾಳೆ ಎಂದು ಮೇಷ್ಟ್ರ ಹತ್ತಿರ ಹೇಳಿಕೊಂಡ. ಡಿಸೆಂಬರ್ ಕೊನೆಯಲ್ಲಿ ಅಪ್ಪನ ಉತ್ತರ ಬಂತು. ಹೆಂಗಸರಂತೆ ಅಳುವುದನ್ನು ಬಿಡು, ಗಂಡಸಾಗು, ಅಮ್ಮನಿಗೆ ಇನ್ನಷ್ಟು ದುಃಖ ಕೊಡಬೇಡ. ಅವಳು ಹೇಳಿದ್ದು ದೊಡ್ಡ ಕಾಯಿಲೆಯಾದರೆ ಬಾ ಅಂತ, ಇದಕ್ಕಲ್ಲ. ಮೂರು ತಿಂಗಳ ಹಿಂದೆ ತಾನೇ ಮಂಡಿಯೂರಿ ಅತ್ತಿದ್ದವನು, ಹದಿನಾಲ್ಕು ವರ್ಷದ ಹಿಂದೆ ತನ್ನ ಎದೆ ಹೆಂಗಸಿನಂತಾಯಿತು ಎಂದು ಬರೆದವನು. ಕಾಗದ ಓದುವಾಗ ಹಾನ್ಸ್‌ನ ಪಕ್ಕ ಕೂತುಕೊಳ್ಳಬೇಕು ಅನ್ನಿಸುತ್ತದೆ.

ಇದಕ್ಕಿಂತ ಕೆಟ್ಟದ್ದಿದೆ, ಅದನ್ನು ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಅದೇ ಚಳಿಗಾಲದಲ್ಲಿ ಅವನು ಬರೆಯುತ್ತಿದ್ದ ಪುಸ್ತಕ 1543ರ ಆರಂಭದಲ್ಲಿ ಹೊರಬಂತು, ಯಹೂದಿಗಳ ವಿರುದ್ಧ. ಅವರ ಪ್ರಾರ್ಥನಾ ಮಂದಿರ, ಶಾಲೆಗಳಿಗೆ ಬೆಂಕಿ ಹಚ್ಚಿ, ಮನೆ ಕೆಡವಿ, ಪುಸ್ತಕ ಕಿತ್ತುಕೊಳ್ಳಿ, ಗುರುಗಳು ಪಾಠ ಹೇಳದಂತೆ ಮಾಡಿ ಎಂದು ಅರಸರಿಗೆ ಸಲಹೆ ಕೊಟ್ಟ ಪುಸ್ತಕ. ನಾನೂರು ವರ್ಷದ ನಂತರ ನಾಜಿಗಳು ಅದನ್ನು ಹೆಮ್ಮೆಯಿಂದ ಎತ್ತಿಹಿಡಿದರು. ಮಗಳನ್ನು ಕಳಕೊಂಡ ದುಃಖ ಅದಕ್ಕೆ ಸಬೂಬಲ್ಲ. ಆ ಮಂದಿರಗಳಲ್ಲೂ ಹದಿಮೂರರ ಹುಡುಗಿಯರಿದ್ದರು, ಆ ಶಾಲೆಗಳಲ್ಲೂ ಇದೇನು ಅಂತ ಕೇಳುವ ಮಕ್ಕಳಿದ್ದರು. ಮೇಜಿನ ಮಾತುಗಳ ದಾಖಲೆಯಲ್ಲೇ ಇನ್ನೊಂದು ಕಡೆ, ಡೆಸ್ಸಾವ್ ಊರಿನ ಒಂದು ಬುದ್ಧಿಮಾಂದ್ಯ ಮಗುವನ್ನು ಸೈತಾನ ಬದಲಿಸಿಟ್ಟ ಮಾಂಸದ ಮುದ್ದೆ ಎಂದು ಕರೆದು, ನದಿಗೆ ಎಸೆಯಬೇಕೆಂದು ಅಲ್ಲಿನ ಅರಸರಿಗೆ ಹೇಳಿದ್ದಾಗಿ ಬರುತ್ತದೆ. ಅರಸರು ಕೇಳಲಿಲ್ಲ, ಪುಣ್ಯ. ತನ್ನ ಮಕ್ಕಳಲ್ಲಿ ದೇವರ ಮುಖ ಕಂಡವನಿಗೆ ಬೇರೆಯವರ ಮಕ್ಕಳು ಕಾಣದೆಹೋದರು. ಅವನ ಹೆಸರು ಹೊತ್ತ ಸಭೆಗಳು ಈ ಬರಹಗಳನ್ನು ಬಹಿರಂಗವಾಗಿ ತಿರಸ್ಕರಿಸಲು ಇಪ್ಪತ್ತನೇ ಶತಮಾನದ ಕೊನೆಯ ದಶಕಗಳವರೆಗೆ ಕಾಯಬೇಕಾಯಿತು.

1546ರ ಜನವರಿಯಲ್ಲಿ, ಮಾನ್ಸ್‌ಫೆಲ್ಡ್‌ನ ಜಮೀನುದಾರ ಅಣ್ಣತಮ್ಮಂದಿರ ವ್ಯಾಜ್ಯ ಬಗೆಹರಿಸಲು ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಹೊರಟ. ಮನೆಯಲ್ಲಿ ಗಾಬರಿಪಡುತ್ತಿದ್ದ ಹೆಂಡತಿಗೆ, ನಿನಗಿಂತ ಚೆನ್ನಾಗಿ ನೋಡಿಕೊಳ್ಳುವವನೊಬ್ಬ ಇದ್ದಾನೆ, ತೊಟ್ಟಿಲಲ್ಲಿ ಮಲಗಿದ್ದಾನೆ ಎಂಬಂತೆ ಚೇಷ್ಟೆಯ ಪತ್ರಗಳನ್ನು ಬರೆದ. ಫೆಬ್ರವರಿ 18ರ ನಸುಕಿನಲ್ಲಿ, ತಾನು ಹುಟ್ಟಿದ ಐಸ್ಲೆಬೆನ್‌ನಲ್ಲೇ ತೀರಿಕೊಂಡ. ಕಿರಿಯರಾದ ಮಾರ್ಟಿನ್, ಪೌಲ್ ಇಬ್ಬರೂ ಹತ್ತಿರದಲ್ಲಿದ್ದರು.

ಸಾಯುವ ನಾಲ್ಕು ವರ್ಷ ಮೊದಲು ಒಂದು ಮರಣಶಾಸನ ಬರೆದಿಟ್ಟಿದ್ದ. ವಕೀಲರನ್ನು ಕಂಡರಾಗದೆ ತನ್ನ ಕೈಯಲ್ಲೇ ಬರೆದದ್ದು. ಮಕ್ಕಳಿಗೆ ತಾಯಿಗಿಂತ ಒಳ್ಳೆಯ ಪೋಷಕರಿಲ್ಲ, ಆಸ್ತಿ ಮಕ್ಕಳು ಎರಡೂ ಕಥರೀನಾಳ ಕೈಯಲ್ಲಿರಲಿ, ಅವಳು ಮಕ್ಕಳ ಕೈ ಕಾಯುವಂತಾಗಬಾರದು, ಮಕ್ಕಳೇ ಅವಳ ಕೈ ಕಾಯಲಿ ಎಂದು. ವಿಧವೆಗೆ ಗಂಡಸರ ಪೋಷಕತ್ವ ಕಡ್ಡಾಯವಾಗಿದ್ದ ಸ್ಯಾಕ್ಸನಿಯ ಕಾನೂನಿಗೆ ಅದು ವಿರುದ್ಧ. ಅಪ್ಪ ಬಯಸಿದ್ದಂತೆ ವಕೀಲನಾಗಿದ್ದರೆ ಸರಿಯಾಗಿ ಬರೆಯುತ್ತಿದ್ದನೋ ಏನೋ! ಶಾಸನ ಪೂರ್ತಿ ನಡೆಯಲಿಲ್ಲ, ಮಕ್ಕಳಿಗೆ ಪೋಷಕರು ನೇಮಕವಾದರು. ಆದರೂ ಮಕ್ಕಳನ್ನು ಜೊತೆಯಲ್ಲಿಟ್ಟುಕೊಳ್ಳಲು ಅವಳು ಹೋರಾಡಿ ಗೆದ್ದಳು. ಅಜ್ಜನ ಆಸೆ ತೀರಿಸಿದವನು ಹಾನ್ಸ್: ಕಾನೂನು ಓದಿ ಅರಸರ ಕಚೇರಿ ಸೇರಿದ. ಮಾರ್ಟಿನ್ ದೇವಶಾಸ್ತ್ರ ಓದಿದನಾದರೂ ಪೀಠ ಹತ್ತಲಿಲ್ಲ. ಪೌಲ್ ಹೆಸರಾಂತ ವೈದ್ಯನಾದ. ಮಾರ್ಗರೇಟ್ ಪ್ರಶ್ಯಾದ ಜಮೀನುದಾರನನ್ನು ಮದುವೆಯಾದಳು.

ಗಂಡ ಹೋದ ವರ್ಷವೇ ಯುದ್ಧ ಬಂತು. ಎರಡು ಸಲ ಊರು ಬಿಟ್ಟು ಓಡಿದ ಕಥರೀನಾ ಮರಳಿದಾಗ ತೋಟ, ದನ, ಕೊಟ್ಟಿಗೆ ಎಲ್ಲ ಹಾಳಾಗಿತ್ತು. ಸಾಲ ಮಾಡಿ, ಮತ್ತೆ ವಿದ್ಯಾರ್ಥಿಗಳಿಗೆ ಊಟ ಹಾಕಿ ಸಂಸಾರ ನಡೆಸಿದಳು. 1552ರಲ್ಲಿ ವಿಟೆನ್‌ಬರ್ಗಿಗೆ ಇನ್ನೊಮ್ಮೆ ಪ್ಲೇಗ್ ಬಂದಾಗ ಪೌಲ್, ಮಾರ್ಗರೇಟ್ ಇಬ್ಬರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ ಕುದುರೆಗಳು ಬೆದರಿದವು. ಗಾಡಿ ತಡೆಯಲು ಕೆಳಗೆ ಹಾರಿದವಳು ಬಿದ್ದು, ತಣ್ಣೀರಿನ ಹಳ್ಳದಲ್ಲಿ ನೆನೆದು ಹಾಸಿಗೆ ಹಿಡಿದಳು. ಡಿಸೆಂಬರ್ 20ರಂದು ಕೊನೆಯುಸಿರೆಳೆದಳು. ಅದು ಟೋರ್ಗಾವ್‌ನಲ್ಲಿ, ಹತ್ತು ವರ್ಷದ ಹಿಂದೆ ಹಾನ್ಸ್ ಅಮ್ಮನನ್ನು ನೆನೆಸಿಕೊಂಡು ಅಳುತ್ತಿದ್ದ ಊರಿನಲ್ಲಿ. ಸಮಾಧಿಯೂ ಅಲ್ಲಿನ ಚರ್ಚಿನಲ್ಲೇ ಇದೆ.